ಮೆಲಾಂಕಾಳ ಹೊಸ ಟಿನ್ನುಗಳು

ಲುಕ್ಯಾನ್ ಬಾಬ್ಯಾಕನ ಹೊಟ್ಟೆಗೆ ಗೋಧಿ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವನ ಕಣಜಗಳಲ್ಲಿದ್ದ ಗೋಧಿಯನ್ನು ಬೀದಿಗೆ ಸುರಿದಿದ್ದರೆ ಸ್ತಾವೋಕ್ ಊರಿನಲ್ಲಿ ಚರ್ಚಿನ ಗುಮ್ಮಟದ ಶಿಲುಬೆಯೊಂದು ಮಾತ್ರ ಕಾಣುತ್ತಿತ್ತು, ಅದೂ ಎತ್ತರದವರಿಗೆ. ನಲವತ್ತೈದು ವರ್ಷ ಅವನು ಬಿತ್ತಿದ್ದು ಗೋಧಿ, ಮಾರಿದ್ದು ಗೋಧಿ, ಮೂರು ಹೊತ್ತು ತಿಂದಿದ್ದು ಗೋಧಿ, ಕನಸಿನಲ್ಲಿ ಎದ್ದು ಕೂತು ಬೈದದ್ದೂ ಗೋಧಿಯನ್ನೇ. ಮೀನಿಗೆ ನೀರು ಒಗ್ಗುವುದಿಲ್ಲ ಎಂದ ಹಾಗಾಯಿತು.

ಊರು ನಕ್ಕಿತು. ನಗದೇ ಇದ್ದವಳು ಅವನ ಹೆಂಡತಿ ಮೆಲಾಂಕಾ ಒಬ್ಬಳೇ. ಅವನ ಪ್ಯಾಂಟಿನ ಸೊಂಟವನ್ನು ಅವಳು ಬೇಸಿಗೆಯಿಂದ ಮೂರು ಸಲ ಹಿಡಿದು ಹೊಲಿದಿದ್ದಳು. ನಾಲ್ಕನೆಯ ಸಲ ಹೊಲಿಯಲು ಬಟ್ಟೆಯೇ ಉಳಿದಿರಲಿಲ್ಲ. ಒಂದು ಕಾಲದಲ್ಲಿ ಟ್ರ್ಯಾಕ್ಟರಿನ ಚಕ್ರವನ್ನು ತಬ್ಬಿ ಎತ್ತುತ್ತಿದ್ದ ಮನುಷ್ಯ ಈಗ ಗಾಳಿ ಬೀಸುವ ದಿನ ಅಂಗಳ ದಾಟುವಾಗ ಬೇಲಿ ಹಿಡಿದುಕೊಂಡು ನಡೆಯುತ್ತಿದ್ದ.

ಡಾಕ್ಟರು ಕಾಗದ ತೋರಿಸಿ ಹೇಳಿದರು: "ನೋಡಿ, ರಕ್ತದಲ್ಲಿ ಈ ಅಂಕಿ ಹದಿನೈದರೊಳಗೆ ಇರ್ಬೇಕು. ನಿಮ್ಮದು ನೂರ ತೊಂಬತ್ತಿದೆ. ಗೋಧೀಲಿರೋ ಗ್ಲುಟನ್ ನಿಮ್ಮ ಕರುಳನ್ನ ಸವೆಸ್ತಾ ಇದೆ. ಇನ್ಮೇಲೆ ಒಂದು ಚೂರೂ ಹೋಗ್ಬಾರ್ದು. ಚೂರು ಅಂದ್ರೆ ಚೂರಲ್ಲ, ಹುಡಿ. ಬ್ರೆಡ್ ಮಾಡೋ ಸಾಮಾನನ್ನೆಲ್ಲ ಹೊಸದಾಗಿ, ಬೇರೆಯಾಗಿ ಮಾಡ್ಕೊಳ್ಳಿ. ಚಳಿಗಾಲ ಮುಗಿಯೋದ್ರೊಳಗೆ ಅಂಕಿ ಇಳೀಲಿಲ್ಲ ಅಂದ್ರೆ ಒಳಗೆ ಬೇರೇನೋ ಕೆಟ್ಟದ್ದಿದೆ ಅಂತ ಹುಡುಕ್ಬೇಕಾಗುತ್ತೆ."

ಆ ಕೆಟ್ಟದ್ದರ ಹೆಸರನ್ನು ಅವರು ಹೇಳಲಿಲ್ಲ. ಹೇಳದ ಹೆಸರು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮನೆಯವರೆಗೂ ಬಂತು.

ಮೆಲಾಂಕಾಳ ಬ್ರೆಡ್ಡಿನ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಏಳನೇ ವಯಸ್ಸಿನಲ್ಲಿ ಡಬ್ಬಿಯ ಮೇಲೆ ನಿಂತು ಹಿಟ್ಟು ನಾದಲು ಶುರು ಮಾಡಿದ ಹೆಂಗಸು ಅವಳು. ಅವಳ ಒಲೆಯ ಬಾಗಿಲು ತೆರೆದರೆ ಸ್ಟೇಷನ್ನೇ ಇಲ್ಲದ ಸ್ತಾವೋಕ್‌ನಲ್ಲಿ ಗೂಡ್ಸ್ ರೈಲು ನಿಲ್ಲುತ್ತಿತ್ತು. ನೂರಾ ಹತ್ತು ಬೋಗಿಯ ರೈಲಿನ ಡ್ರೈವರು ಕೆಳಗಿಳಿದು, ಸಿಗ್ನಲ್ ಕೆಟ್ಟಿದೆ ಎಂದು ಸುಳ್ಳು ಹೇಳಿ, ಬೆಣ್ಣೆ ಹಚ್ಚಿದ ಎರಡು ತುಂಡು ತಿಂದು ಹೋಗುತ್ತಿದ್ದನಂತೆ. ಈಸ್ಟರಿಗೆ ಚರ್ಚಿನಲ್ಲಿ ಆಶೀರ್ವಾದ ಮಾಡಿಸುವ ಬುಟ್ಟಿಗೆ ಎತ್ತರದ ಬ್ರೆಡ್ಡು ಬೇಕಾದವರು ಪಾದ್ರಿಗೆ ಹೇಳುವ ಮೊದಲು ಅವಳಿಗೆ ಹೇಳುತ್ತಿದ್ದರು. ಅಂಥವಳ ಗಂಡ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ, ಒದ್ದೆ ರಟ್ಟಿನಂಥ ಗ್ಲುಟನ್ ಇಲ್ಲದ ಬ್ರೆಡ್ಡು ತಿಂದ ಮೊದಲ ಬೆಳಿಗ್ಗೆ ಅವಳು ಎದುರಿಗೆ ಕೂರದೆ ಕೋಳಿಗೂಡಿಗೆ ಹೋಗಿ ನಿಂತಳು.

"ಇದನ್ನ ನಾನೇ ಮಾಡ್ತೀನಿ," ಎಂದಳು ಹಿಂತಿರುಗಿ ಬಂದು. "ಸಾಮಾನು ತಾನೇ? ತರೋಣ."

ಕಾರು ಓಡಿಸಿದ್ದು ಟೆಕ್ಲಾ. ಪಕ್ಕದ ಹೊಲದವಳು, ಮೆಲಾಂಕಾಳ ಮಗಳಿಗೆ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾದವಳು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು "ಕುಮಾ" ಎಂದೇ ಕರೆಯುವುದು. ಟೆಕ್ಲಾಳಿಗೆ ಒಂದು ಗುಟ್ಟು ಹೇಳಿದರೆ ಅದು ಸಾಯಂಕಾಲದೊಳಗೆ ರೇಡಿಯೋ ಇಲ್ಲದ ಮನೆಗೂ ಮುಟ್ಟುತ್ತಿತ್ತು. ಸಸ್ಕಟೂನ್ ಪೇಟೆಯ ಪಾತ್ರೆ ಅಂಗಡಿಯಲ್ಲಿ ಬ್ರೂಕ್ ಎಂಬ ಹುಡುಗಿ ಇವರ ಕೈಗೆ ಸಿಕ್ಕಿಬಿದ್ದಳು.

"ಹಿಟ್ಟು ನಾದೋ ಮೆಷಿನ್ನಿಗೆ ಈ ಕೊಕ್ಕೆ ಬೇಡ ಮೇಡಂ," ಎಂದಳು ಬ್ರೂಕ್. "ಈ ಚಪ್ಪಟೆ ಅಲಗು ಸಾಕು. ಗ್ಲುಟನ್ ಇಲ್ಲದ ಹಿಟ್ಟನ್ನ ನಾದೋದಿಲ್ಲ, ಕಲಸೋದು."

"ನಾದೋದಿಲ್ವಾ? ನಾದದೇ ಇದ್ರೆ ಅದು ಬ್ರೆಡ್ ಆಗುತ್ತೇನೇ, ಗಂಜಿ ಆಗುತ್ತೆ."

"ಹೆಚ್ಚೂ ಕಮ್ಮಿ ಗಂಜೀನೇ. ಕೊಕ್ಕೆ ಹಾಕಿದ್ರೆ ಅದು ಮಧ್ಯದಲ್ಲಿ ಸುಮ್ನೆ ಸುತ್ತಾ ಇರುತ್ತೆ, ಕೆಲಸ ಆಗಲ್ಲ."

"ನಮ್ಮನೆಯವನ ಹಂಗೆ ಅನ್ನು," ಎಂದಳು ಟೆಕ್ಲಾ.

ಬ್ರೆಡ್ಡು ಬೇಯಿಸುವ ಟಿನ್ನಿನ ಸರದಿ ಬಂತು. ಮೆಲಾಂಕಾ ಅಗಲವಾದದ್ದನ್ನು ಎತ್ತಿಕೊಂಡಳು. ಬ್ರೂಕ್ ಅದನ್ನು ಕೈಯಿಂದ ತೆಗೆದು, ಸಣ್ಣ ಮಕ್ಕಳ ಶವಪೆಟ್ಟಿಗೆಯಂತೆ ಕಿರಿದಾಗಿ ಎತ್ತರವಾಗಿದ್ದ ಟಿನ್ನನ್ನು ಕೊಟ್ಟಳು.

"ಈ ಹಿಟ್ಟಿಗೆ ತನ್ನದು ಅಂತ ಬೆನ್ನೆಲುಬಿಲ್ಲ. ಗೋಡೆ ಎರಡೂ ಕಡೆ ಹತ್ರ ಇದ್ರೆ ಮಾತ್ರ ಮೇಲೇಳುತ್ತೆ."

"ಕುಡುಕನ ಹಾಗೆ," ಎಂದಳು ಮೆಲಾಂಕಾ. "ಆಯ್ತು, ಎರಡು ಕೊಡು."

ತಕ್ಕಡಿಯ ಮುಂದೆ ಜಗಳವೇ ಆಯಿತು. ಅರವತ್ತು ವರ್ಷ ಹಿಟ್ಟನ್ನು ಅಂಗೈಯಲ್ಲಿ ಅಳೆದವಳಿಗೆ ಗ್ರಾಮಿನ ಲೆಕ್ಕ ಹೇಳುವುದೆಂದರೆ ಅವಮಾನ. "ನನ್ನ ಕೈಯೇ ತಕ್ಕಡಿ," ಎಂದಳು. "ಇರಬಹುದು ಮೇಡಂ, ಆದ್ರೆ ಅಕ್ಕಿ ಹಿಟ್ಟಿಗೆ ನಿಮ್ಮ ಕೈ ಪರಿಚಯ ಇಲ್ವಲ್ಲ," ಎಂದಳು ಹುಡುಗಿ. ಮೆಲಾಂಕಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಕ್ಕಡಿಯನ್ನು ಬುಟ್ಟಿಗೆ ಹಾಕಿದಳು. ಬ್ರೆಡ್ಡಿನ ಹೊಟ್ಟೆಗೆ ಚುಚ್ಚಿ ಬೆಂದಿದೆಯೇ ನೋಡುವ ಉಷ್ಣಮಾಪಕ, ಸ್ಟೀಲಿನ ಬೋಗುಣಿ, ಹೊಸ ಜರಡಿ, ಹೊಸ ಟೋಸ್ಟರ್ ಬಂದವು. ಗ್ಲುಟನ್ನಿನ ಅಂಟಿಗೆ ಬದಲಾಗಿ ಔಷಧಿ ಅಂಗಡಿಯಿಂದ ಇಸಬಗೋಲು ತರಬೇಕೆಂದಾಗ ಮಾತ್ರ ಟೆಕ್ಲಾ ನಡುಬೀದಿಯಲ್ಲಿ ನಿಂತುಬಿಟ್ಟಳು.

"ನಮ್ಮ ಮಾವನಿಗೆ ಹೊಟ್ಟೆ ಕಟ್ಟಿದಾಗ ಕೊಡ್ತಿದ್ದಿದ್ದಲ್ವಾ ಇದು? ಕುಮಾ, ನಿನ್ನ ಗಂಡ ಬ್ರೆಡ್ ತಿಂದು ಓಡಬೇಕಾಗುತ್ತೆ, ನೋಡ್ಕೋ."

"ಓಡ್ಲಿ. ಓಡೋಷ್ಟು ಶಕ್ತಿ ಬಂದ್ರೆ ಸಾಕು ನಂಗೆ."

ಮನೆಗೆ ಬಂದು ಮೆಲಾಂಕಾ ಗೋಧಿಯ ವಾಸನೆ ಇದ್ದದ್ದನ್ನೆಲ್ಲ ಹೊರಗೆ ಹಾಕಿದಳು. ಅವ್ವನ ಕಾಲದ ಹನ್ನೊಂದು ಟಿನ್ನುಗಳು, ಹಿಟ್ಟು ನಾದುವ ಮರದ ದೋಣಿ, ಲಟ್ಟಣಿಗೆ, ಹಲಗೆ ಎಲ್ಲವೂ ಕೊಟ್ಟಿಗೆಯ ಅಟ್ಟ ಸೇರಿದವು. ಒಲೆಯ ಒಳಗೆ ತಲೆ ಹಾಕಿ ಮೂರು ದಿನ ಉಜ್ಜಿದಳು. ಕಪಾಟಿನ ಬಿರುಕುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಆಮೇಲೆ ಹೊಸ ಟಿನ್ನುಗಳನ್ನು ಬಿಸಿ ಮಾಡಿ, ಒಲೆಯ ಮೇಲಿನ ಹಲಗೆಯಲ್ಲಿ ಜಾಡಿಯೊಳಗಿದ್ದ, ಹಂದಿಕೊಬ್ಬಿನಲ್ಲಿ ನೆನೆದ ಬಟ್ಟೆಯಿಂದ ಒರೆಸಿದಳು. ಅವಳ ಜನರಲ್ಲಿ ಹೊಸ ಟಿನ್ನು ಎಂದರೆ ಹಾಗೆಯೇ. ಸಾಬೂನು ಕಂಡ ಟಿನ್ನು ಬ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೆ ನೀರು ತೋರಿಸಬಾರದು, ಹಳೆಯ ಬಟ್ಟೆಯನ್ನು ಮುಟ್ಟಿಸಿ ಮನೆಗೆ ಪರಿಚಯ ಮಾಡಿಸಬೇಕು. ಆ ಕೆಲಸ ಉಸಿರಾಟದ ಹಾಗೆ. ಮಾಡುವವರಿಗೆ ಮಾಡುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಮೊದಲ ಬ್ರೆಡ್ಡನ್ನು ಹೊರಗೆಸೆದಾಗ ಕಾಗೆಯೊಂದು ಕುಕ್ಕಿ, ಕೊಕ್ಕು ಸೊಟ್ಟಗಾಗಿ, ವಸಂತದವರೆಗೆ ಒಂದೇ ಕಡೆಗೆ ತಿರುಗಿ ಹಾರುತ್ತಿತ್ತು. ಎರಡನೆಯದನ್ನು ಕೊಟ್ಟಿಗೆಯ ಬಾಗಿಲಿಗೆ ಆನಿಸಿಟ್ಟರು, ಬಿರುಗಾಳಿಗೂ ಬಾಗಿಲು ಅಲುಗಲಿಲ್ಲ. ಮೆಲಾಂಕಾ ಸೋಲುವವಳಲ್ಲ. ತಕ್ಕಡಿಗೆ ಬೈಯುತ್ತ ಗ್ರಾಮು ಕಲಿತಳು. ಕಲಸಿದ ಹಿಟ್ಟನ್ನು ಒದ್ದೆ ಚಮಚದಿಂದ ನೇವರಿಸಿ ಟಿನ್ನಿಗೆ ಕೂರಿಸುವುದನ್ನು ಕಲಿತಳು. ಒಳಗಿನ ಶಾಖ ತೊಂಬತ್ತೆಂಟು ಡಿಗ್ರಿ ಮುಟ್ಟುವವರೆಗೆ ಬ್ರೆಡ್ಡನ್ನು ಒಲೆಯಿಂದ ತೆಗೆಯದಿರುವುದನ್ನು ಕಲಿತಳು. ಕ್ರಿಸ್ಮಸ್ಸಿನ ಹೊತ್ತಿಗೆ ಬ್ರೆಡ್ಡು ಎದ್ದು ನಿಂತಿತು. ಕೊಯ್ದರೆ ಪುಡಿಯಾಗಲಿಲ್ಲ.

ಲುಕ್ಯಾನ್ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿ ತಿಂದ. "ಚೆನ್ನಾಗಿದೆ ಮುದುಕಿ," ಎಂದ. ಅವನು ಹಾಗೆ ಅಂದದ್ದು ಮದುವೆಯ ದಿನ ಒಮ್ಮೆ, ಹೊಸ ಕಟಾವು ಯಂತ್ರ ಕೊಂಡ ದಿನ ಒಮ್ಮೆ, ಇದು ಮೂರನೆಯದು. ದಿನಕ್ಕೆ ಆರು ತುಂಡು ತಿನ್ನತೊಡಗಿದ. ತಿಂದಷ್ಟೂ ಇಳಿದ. ಮುಖ ಹಳದಿಯಾಯಿತು, ಮಂಡಿ ಹಿಡಿದುಕೊಂಡಿತು. ಊಟವಾದ ಅರ್ಧ ಗಂಟೆಗೆ ಹೊಟ್ಟೆ ಹಿಡಿದು ಬಚ್ಚಲಿಗೆ ನಡೆಯುವುದು ತಪ್ಪಲಿಲ್ಲ. ಫೆಬ್ರವರಿಯಲ್ಲಿ, ನೆರಳು ಹಿಮದ ಮೇಲೆ ಹೆಪ್ಪುಗಟ್ಟಿ ಗುದ್ದಲಿಯಿಂದ ಕಿತ್ತುಕೊಂಡು ಮನೆಗೆ ಬರಬೇಕಾದಂಥ ಚಳಿಯಲ್ಲಿ, ರಕ್ತ ಕೊಟ್ಟು ಬಂದ.

ಅಂಕಿ ನೂರ ಎಂಬತ್ತೆಂಟು.

ಡಾಕ್ಟರು ಏಪ್ರಿಲಿನಲ್ಲಿ ಕರುಳಿನೊಳಗೆ ಕೊಳವೆ ಇಳಿಸಿ ನೋಡಲು ದಿನ ಗೊತ್ತು ಮಾಡಿದರು. ಮೆಲಾಂಕಾಳನ್ನು ಪಕ್ಕಕ್ಕೆ ಕರೆದು, "ಎಲ್ಲೋ ಕದ್ದು ತಿಂತಿದಾರಾ, ವಿಚಾರಿಸಿ," ಎಂದರು. ಅವಳಿಗೆ ಅಷ್ಟೇ ಬೇಕಾಗಿತ್ತು. ಕದ್ದು ತಿನ್ನುತ್ತಿದ್ದರೆ ಒಳಗೆ ಬೇರೆ ಕೆಟ್ಟದ್ದಿಲ್ಲ ಎಂದಾಗುತ್ತದೆ. ಗಂಡ ಸಾಯುವುದಕ್ಕಿಂತ ಸುಳ್ಳನಾಗುವುದು ಒಳ್ಳೆಯದು ಎಂದು ಅವಳ ಮನಸ್ಸು ಒಂದೇ ಕ್ಷಣದಲ್ಲಿ ತೀರ್ಮಾನ ಮಾಡಿಬಿಟ್ಟಿತು.

"ನಿಜ ಹೇಳು ಮುದುಕಾ. ಬಂಕಿನ ಬೆಂಚಿನ ಮೇಲೆ ಕೂತು ಡೋನಟ್ ತಿಂತಿದೀಯ."

ಪೆಟ್ರೋಲ್ ಬಂಕಿನ ಒಳಗಿನ ಆ ಬೆಂಚಿನಲ್ಲಿ ಊರಿನ ಮುದುಕರು ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಹನ್ನೊಂದಕ್ಕೆ ಏಳುವುದು. ಸರ್ಕಾರಗಳು ಅಲ್ಲಿಯೇ ಬೀಳುತ್ತಿದ್ದವು.

"ಇಲ್ಲ ಕಣೇ. ಕಪ್ಪು ಕಾಫಿ ಅಷ್ಟೇ."

"ಹಂಗಾದ್ರೆ ಅಂಕಿ ಯಾಕೆ ಇಳೀಲಿಲ್ಲ? ನನ್ನ ಅಡುಗೆಮನೇಲಿ ದೇವರನ್ನ ತಂದು ಕೂರಿಸ್ಬಹುದು, ಅಷ್ಟು ಶುದ್ಧ ಇದೆ."

"ನಮ್ಮವ್ವನಾಣೆ ತಿಂದಿಲ್ಲ."

"ನಿಮ್ಮವ್ವನ ಆಣೆ ಇಟ್ಟು ಸಿಗರೇಟು ಬಿಟ್ಟೆ ಅಂತ ಹನ್ನೊಂದು ಸಲ ಹೇಳಿದೀಯ. ಪಾಪ ಆ ಮುದುಕಿ ಗೋರೀಲಿ ಎಷ್ಟು ಸಲ ಮಗ್ಗುಲು ಬದಲಾಯಿಸ್ಬೇಕು?"

ಅವಳು ಅವನ ಕೋಟಿನ ಜೇಬುಗಳನ್ನು ಒಳಹೊರಗು ಮಾಡಿ ನೋಡಿದಳು, ಕೈಗವಸು ಮೂಸಿದಳು. ಟೆಕ್ಲಾಳ ಹತ್ತಿರ ಅತ್ತಳು. ಮಾರನೆಯ ಬೆಳಿಗ್ಗೆ ಲುಕ್ಯಾನ್ ಬಂಕಿಗೆ ಹೋದಾಗ ಕೌಂಟರಿನ ಹೆಂಗಸು ಡೋನಟ್ ಪೆಟ್ಟಿಗೆಯ ಮೇಲೆ ಟವೆಲ್ ಮುಚ್ಚಿದಳು. ಬೆಂಚಿನ ಮೇಲಿದ್ದ ಒಬ್ಬ, "ಬಾರಯ್ಯಾ ಕಳ್ಳಾ, ಇವತ್ತು ಪೋಲೀಸ್ ಕಾವಲಿದೆ," ಎಂದ. ಎಲ್ಲರೂ ನಕ್ಕರು. ಲುಕ್ಯಾನನೂ ನಕ್ಕನಂತೆ. ಅಂದಿನಿಂದ ಬಂಕಿನ ಕಡೆ ಹೋಗಲಿಲ್ಲ. ಒಂಬತ್ತಾಗುತ್ತಲೇ ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತ ಪಿಕಪ್ಪಿನೊಳಗೆ ಕೂರುತ್ತಿದ್ದ. ಎಂಜಿನ್ ಓಡುತ್ತಿತ್ತು, ಗಾಡಿ ಅಲ್ಲೇ ಇರುತ್ತಿತ್ತು. ಹನ್ನೊಂದಕ್ಕೆ ಒಳಗೆ ಬರುತ್ತಿದ್ದ. ಕಿಟಕಿಯಿಂದ ಅದನ್ನು ನೋಡುತ್ತ ಮೆಲಾಂಕಾ ಇನ್ನೊಂದು ಬ್ರೆಡ್ಡಿಗೆ ತೂಕ ಮಾಡುತ್ತಿದ್ದಳು.

ಮಾರ್ಚಿನ ಮೊದಲ ಗುರುವಾರ ಮರಿಸೆಲ್ ಬಂದಳು. ಆಸ್ಪತ್ರೆಯವರು ಊರೂರಿಗೆ ಕಳಿಸುವ ಪಥ್ಯದ ಸಲಹೆಗಾರ್ತಿ. ಫಿಲಿಪೀನ್ಸಿನವಳು, ಗಿಡ್ಡ ಹೆಂಗಸು, ಕಾಲಿನ ಬೂಟು ಅವಳಿಗಿಂತ ಎತ್ತರ. ಕಪಾಟು, ಜರಡಿ, ಟೋಸ್ಟರ್ ಎಲ್ಲ ನೋಡಿ, "ಮಿಸೆಸ್ ಬಾಬ್ಯಾಕ್, ನಾನು ನೋಡಿರೋ ಅಡುಗೆಮನೆಗಳಲ್ಲೇ ಇದು ಚೊಕ್ಕಟ," ಎಂದಳು.

"ಹೇಳಿ ನಮ್ಮನೆಯವನಿಗೆ. ಹೊರಗೆ ಕೂತಿದಾನೆ."

"ಹೇಳೋಣ. ಮೊದಲು ಒಂದು ಬ್ರೆಡ್ ಮಾಡಿ. ನಾನಿಲ್ಲಿಲ್ಲ ಅಂದ್ಕೊಳ್ಳಿ, ದಿನಾ ಹೇಗೆ ಮಾಡ್ತೀರೋ ಹಾಗೇ."

ಮೆಲಾಂಕಾಳಿಗೆ ಉತ್ಸಾಹ ಬಂತು. ತೂಗಿದಳು, ಜರಡಿ ಹಿಡಿದಳು, ಅಲಗು ಸುತ್ತಿತು, ಇಸಬಗೋಲು ಉಬ್ಬಿತು. ಟಿನ್ನು ಬಿಸಿ ಮಾಡಿ ಜಾಡಿಗೆ ಕೈ ಹಾಕಿದಳು.

"ಅದೇನು?" ಎಂದಳು ಮರಿಸೆಲ್.

"ಯಾವುದು?"

"ನಿಮ್ಮ ಕೈಯಲ್ಲಿರೋದು."

ಮೆಲಾಂಕಾ ತನ್ನ ಕೈಯನ್ನು ತಾನೇ ನೋಡಿಕೊಂಡಳು. "ಇದಾ? ಬಟ್ಟೆ. ನಮ್ಮವ್ವನ ಏಪ್ರನ್ನಿನ ತುಂಡು."

"ಯಾವಾಗ ತೊಳೆದಿದ್ರಿ?"

"ತೊಳೆಯೋದಾ! ಇದನ್ನ ಯಾರಾದ್ರೂ ತೊಳೀತಾರಾ? ಇದು ನಮ್ಮವ್ವ ಸತ್ತಾಗ..."

ಅವಳು ಬಟ್ಟೆಯನ್ನು ಬಿಡಿಸಿ ನೋಡಿದಳು. ಬಟ್ಟೆಯ ಮಡಿಕೆಗಳಲ್ಲಿ ಕಂದು ಬಣ್ಣದ ಕೆನೆ ಕಟ್ಟಿತ್ತು. ಅವ್ವನ ಮೂವತ್ತು ವರ್ಷದ ಹಿಟ್ಟು, ಇವಳ ನಲವತ್ತು ವರ್ಷದ ಹಿಟ್ಟು, ಹನ್ನೊಂದು ಟಿನ್ನುಗಳ ಮೂಲೆಮೂಲೆಯ ಚೂರು, ಎಲ್ಲವೂ ಕೊಬ್ಬಿನಲ್ಲಿ ಹೂತು ಕೂತಿದ್ದವು. ಆ ಬಟ್ಟೆಯನ್ನು ಹಿಂಡಿದರೆ ಒಂದು ಎಕರೆ ಗೋಧಿ ಬೀಳುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಕ್ರಿಸ್ಮಸ್ಸಿನಿಂದ ಅವಳು ಅವನಿಗೆ ಕೊಟ್ಟ ಪ್ರತಿ ತುಂಡಿನ ತಳಕ್ಕೂ ಅಂಚಿಗೂ ಅದನ್ನು ತನ್ನ ಕೈಯಾರೆ ಸವರಿ ಕೊಟ್ಟಿದ್ದಳು. ಅವನಿಗೆ ಅಂಚು ಇಷ್ಟವೆಂದು ಅಂಚಿನ ತುಂಡುಗಳನ್ನೇ ಆರಿಸಿ ಇಡುತ್ತಿದ್ದಳು.

"ಬೇಕಂತ ಮಾಡಿದ್ದಲ್ವಲ್ಲ," ಎಂದಳು ಮರಿಸೆಲ್ ಮೆಲ್ಲಗೆ. "ಎರಡೂ ಟಿನ್ನು ಹೊರಗೆ ಹಾಕಿ. ಹೊಸದು ತಂದು ಒಳಗೆ ಬೇಕಿಂಗ್ ಕಾಗದ ಹಾಸಿ. ಬಟ್ಟೆ ಬೇಡ, ಎಣ್ಣೆ ಬೇಡ. ಡಾಕ್ಟರಿಗೆ ನಾನು ಹೇಳ್ತೀನಿ, ಕೊಳವೆ ಪರೀಕ್ಷೆ ಮೇ ತಿಂಗಳ ರಕ್ತ ನೋಡಿ ಆಮೇಲೆ ಮಾಡ್ಲಿ."

"ಅವನಿಗೆ ಯಾರು ಹೇಳ್ತಾರೆ?"

"ಅದು ನೀವೇ."

ಮೆಲಾಂಕಾ ಏಪ್ರನ್ ಬಿಚ್ಚದೆ, ಕೋಟು ಹಾಕದೆ ಅಂಗಳ ದಾಟಿದಳು. ಪಿಕಪ್ಪಿನ ಇನ್ನೊಂದು ಬಾಗಿಲು ತೆಗೆದು ಹತ್ತಿ ಕೂತಳು. ಲುಕ್ಯಾನ್ ಎದುರಿನ ಹಿಮವನ್ನು ನೋಡುತ್ತಿದ್ದ.

"ಬಟ್ಟೆ," ಎಂದಳು.

"ಯಾವ ಬಟ್ಟೆ?"

"ಟಿನ್ ಒರೆಸೋದು. ಜಾಡೀದು. ಅದ್ರಲ್ಲಿ ಗೋಧಿ ಇತ್ತು. ನಾನೇ ತಿನ್ನಿಸಿದ್ದು."

"ಅಂದ್ರೆ ಡೋನಟ್ ಅಲ್ಲ."

"ಅಲ್ಲ."

"ನಾನೂ ಅದನ್ನೇ ಹೇಳಿದ್ದೆ."

"ಹೇಳಿದ್ದೆ."

"ನಲವತ್ತಾರು ವರ್ಷ ಜೊತೇಲಿರೋ ಗಂಡನಿಗಿಂತ ಒಂದು ಜಿಡ್ಡು ಬಟ್ಟೆ ಮೇಲೆ ನಿಂಗೆ ನಂಬಿಕೆ ಜಾಸ್ತಿ."

"ಬಟ್ಟೆ ಮೇಲೆ ಅನುಮಾನಾನೇ ಬರ್ಲಿಲ್ಲ ಕಣೋ."

"ಹ್ಞೂಂ. ನನ್ನ ಮೇಲೆ ಬಂತು."

ಅವನು ಕಿರುಚಿದ್ದರೆ ಅವಳೂ ಕಿರುಚಿ ಹಗುರಾಗುತ್ತಿದ್ದಳು. ಅವನು ಎಂಜಿನ್ ಆರಿಸಿ, ತನ್ನ ಕೋಟು ಬಿಚ್ಚಿ ಅವಳ ಮಡಿಲಿಗೆ ಹಾಕಿ ಇಳಿದುಹೋದ.

ಮಾರನೆಯ ದಿನ ಒಂಬತ್ತೂವರೆಗೆ, ಹೆಂಗಸರು ಯಾರೂ ಕಾಲಿಡದ ಹೊತ್ತಿನಲ್ಲಿ, ಮೆಲಾಂಕಾ ಬಂಕಿನ ಬೆಂಚಿನ ಎದುರು ಹೋಗಿ ನಿಂತಳು. ಆರು ಜನ ಮುದುಕರ ಕಾಫಿ ಬಾಯಿಯ ಹತ್ತಿರವೇ ನಿಂತಿತು.

"ಲುಕ್ಯಾನ್ ಇಲ್ಲಿ ಏನೂ ತಿಂದಿಲ್ಲ," ಎಂದಳು. "ನನ್ನ ಕೊಳಕಿನಿಂದ ಅವನಿಗೆ ಹಂಗಾಗಿದ್ದು. ಕಳ್ಳ ಅಂದವ್ರು ಈಗ ನನ್ನನ್ನ ಅನ್ನಿ."

ಆ ಬೆಂಚಿನ ಇತಿಹಾಸದಲ್ಲಿ ಆರು ಜನರಿಗೂ ಒಟ್ಟಿಗೆ ಮಾತು ಹೊರಡದೇ ಹೋದದ್ದು ಅದೊಂದೇ ಸಲ. ಕೊನೆಗೆ ಕಳ್ಳಾ ಎಂದಿದ್ದವನೇ ಕೆಮ್ಮಿ, "ಕೂತ್ಕೋ ಮೆಲಾಂಕಾ, ಕಾಫಿ ಕುಡಿ," ಎಂದ. ಅವಳು ಕೂರಲಿಲ್ಲ.

ಅವಳು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಲುಕ್ಯಾನ್ ನಿಂತಿದ್ದ. ಆ ಮನೆ ಕಟ್ಟಿದ ಮೇಲೆ ಅವನು ಊಟಕ್ಕಲ್ಲದೆ ಅಲ್ಲಿ ನಿಂತದ್ದು ಒಲೆಗೆ ಬೆಂಕಿ ಹತ್ತಿಕೊಂಡಾಗ ಮಾತ್ರ. ಹಿಂದಿನ ಸಾಯಂಕಾಲ ತಾನೇ ಪೇಟೆಗೆ ಹೋಗಿ ಎರಡು ಟಿನ್ನು, ಒಂದು ಸುರುಳಿ ಕಾಗದ ತಂದಿದ್ದ. ತಕ್ಕಡಿಯ ಮುಂದೆ ಕನ್ನಡಕ ಏರಿಸಿ ಬಗ್ಗಿದ್ದ.

"ಇನ್ಮೇಲೆ ಬ್ರೆಡ್ ನಾನೇ ಮಾಡ್ಕೋತೀನಿ," ಎಂದ. "ನೀನು ಒಳಗೆ ಬರ್ಬೇಡ."

ಅವಳು ಹೊಸ್ತಿಲಿನಿಂದ ಆಚೆಗೆ ಒಂದು ಕುರ್ಚಿ ಎಳೆದುಕೊಂಡು ಕೂತಳು. ಅರವತ್ತು ವರ್ಷ ಹಿಟ್ಟಿನಲ್ಲಿದ್ದ ಎರಡು ಕೈಗಳನ್ನು ಮಡಿಲಿನಲ್ಲಿ ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಒಂದರ ಮೇಲೊಂದು ಇಟ್ಟಳು, ಬದಲಾಯಿಸಿದಳು, ಕೊನೆಗೆ ತೊಡೆಯ ಕೆಳಗೆ ಹಾಕಿಕೊಂಡಳು. ಅವನ ಮೊದಲ ಬ್ರೆಡ್ಡು ಮಧ್ಯದಲ್ಲಿ ಕುಸಿದು ದನದ ಬಾನಿಯಂತಾಯಿತು. ನೀರು ಹೆಚ್ಚಾಯಿತು ಎಂದು ಅವಳಿಗೆ ಕುರ್ಚಿಯಿಂದಲೇ ಕಾಣುತ್ತಿತ್ತು. ಹೇಳಲಿಲ್ಲ. ಅವನೂ ಕೇಳಲಿಲ್ಲ. ಬಾನಿಯಂಥದ್ದನ್ನೇ ಕೊಯ್ದು, ತಟ್ಟೆಯಲ್ಲಿ ಹಾಕಿಕೊಂಡು, ಅವಳ ಕಡೆ ಬೆನ್ನು ಮಾಡಿ ತಿಂದ. ಆ ವರ್ಷ ಈಸ್ಟರಿಗೆ ಎತ್ತರದ ಬ್ರೆಡ್ಡು ಕೇಳಿ ಬಂದವರಿಗೆಲ್ಲ ಅವಳು ಕೈ ನೋವೆಂದು ಹೇಳಿ ಕಳಿಸಿದಳು.

ಮೇ ತಿಂಗಳಲ್ಲಿ ಅಂಕಿ ತೊಂಬತ್ತೊಂದಕ್ಕೆ ಇಳಿದಿತ್ತು. ಡಾಕ್ಟರು ಮೇಜಿನ ಮೇಲೆ ಕೈ ತಟ್ಟಿದರು.

"ಕೊಳವೆ ಏನೂ ಬೇಡ. ಏನು ಬದಲಾಯಿಸಿದ್ರೋ ಅದನ್ನೇ ಮುಂದುವರಿಸಿ."

ಬದಲಾಯಿಸಿದ್ದು ಬಟ್ಟೆಯನ್ನಷ್ಟೇ ಅಲ್ಲ, ಬ್ರೆಡ್ಡು ಮಾಡುವ ಕೈಯನ್ನೂ ಎಂದು ಆ ಕೋಣೆಯಲ್ಲಿದ್ದ ಇಬ್ಬರಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಮೆಲಾಂಕಾ ಕಿಟಕಿಯ ಹೊರಗೆ ಮೊಳಕೆಯೊಡೆದ ಹೊಲಗಳನ್ನು ನೋಡಿದಳು. ಎಷ್ಟು ಸಂತೋಷಪಡಬೇಕೋ ಅಷ್ಟು ಪಟ್ಟಳು. ಅದರಡಿಯಲ್ಲಿ ಇನ್ನೊಂದಿತ್ತು, ಅದನ್ನು ಮುಟ್ಟಲಿಲ್ಲ.

ಮನೆಗೆ ಬಂದು ಅವನು ನೇರ ತಕ್ಕಡಿಯ ಹತ್ತಿರ ಹೋದ. ಅವಳು ತನ್ನ ಕುರ್ಚಿಗೆ ಹೋದಳು. ಮೆಷಿನ್ನಿನ ಅಲಗು ಸುತ್ತಿತು, ನಿಂತಿತು, ಮತ್ತೆ ಸುತ್ತಿತು.

"ಮುದುಕಿ."

"ಏನು?"

"ಇದು ಗಂಜಿ ಥರ ಇದ್ಯೋ, ಗಾರೆ ಥರ ಇದ್ಯೋ, ಬಂದು ನೋಡು."

ಅವಳು ಎದ್ದು ಹೊಸ್ತಿಲಿನವರೆಗೆ ಬಂದು ನಿಂತಳು. "ನಾನು ಮುಟ್ಟಲ್ಲ," ಎಂದಳು.

"ಮುಟ್ಟು ಅಂದ್ನಾ? ನೋಡು ಅಂದೆ."

ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೋಗುಣಿಯ ಮೇಲೆ ಬಗ್ಗಿದಳು. "ನೀರು ಜಾಸ್ತಿ," ಎಂದಳು. "ಮೊದಲ್ನೇ ದಿನದಿಂದ್ಲೂ ಜಾಸ್ತಿ."

"ಮತ್ತೆ ಹೇಳೋದಲ್ವಾ?"

"ಕೇಳಿದ್ಯಾ?"

ಲುಕ್ಯಾನ್ ಹಿಟ್ಟಿನ ಡಬ್ಬಿ ತೆಗೆದು ತಕ್ಕಡಿಯ ಮೇಲಿಟ್ಟ. "ಎಷ್ಟು ಗ್ರಾಮು ಹಾಕ್ಲಿ?" ಎಂದ.